ಸಡಿಲ ಮಡಿಕೆಯ ಸರಪಳಿ: ಪ್ರೋಟೀನಿನ ಆಕಾರವೂ ಕೆಲಸವೂ

ತಲೆಯಿಂದ ಉದುರಿದ ಒಂದು ಉದ್ದ ಕೂದಲಿನ ಎರಡೂ ತುದಿಗಳನ್ನು ಬೆರಳುಗಳಲ್ಲಿ ಹಿಡಿದು ಮೆಲ್ಲನೆ ಎಳೆದರೆ ಅದು ತುಸು ಹಿಗ್ಗುತ್ತದೆ. ನೀರಿನಲ್ಲಿ ನೆನೆಸಿ ಎಳೆದರೆ ಇನ್ನಷ್ಟು ಹಿಗ್ಗುತ್ತದೆ, ಬಿಟ್ಟರೆ ಬಹುಮಟ್ಟಿಗೆ ಮೊದಲಿನ ಉದ್ದಕ್ಕೇ ಮರಳುತ್ತದೆ. ಉಣ್ಣೆಯ ಎಳೆಯನ್ನು ಹಬೆಯಲ್ಲಿ ಹಿಡಿದು ಎಳೆದರೆ ಹೆಚ್ಚುಕಡಿಮೆ ಇಮ್ಮಡಿ ಉದ್ದವಾಗುವುದೂ ಉಂಟು. 1930ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಉಣ್ಣೆಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ವಿಲಿಯಂ ಆಸ್ಟ್‌ಬರಿ ಇಂತಹ ಎಳೆಗಳ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿದಾಗ, ಎಳೆಯದ ಉಣ್ಣೆ ಒಂದು ಬಗೆಯ ಚುಕ್ಕಿಗಳ ಚಿತ್ತಾರವನ್ನೂ ಎಳೆದು ಹಿಡಿದ ಉಣ್ಣೆ ಇನ್ನೊಂದು ಬಗೆಯ ಚಿತ್ತಾರವನ್ನೂ ಕೊಟ್ಟವು. ಮೊದಲನೆಯದನ್ನು ಆತ ಆಲ್ಫಾ ಎಂದ, ಎರಡನೆಯದನ್ನು ಬೀಟಾ ಎಂದ. ಎಳೆಯುವಾಗ ಉಣ್ಣೆಗೆ ಏನನ್ನೂ ಸೇರಿಸಿರಲಿಲ್ಲ, ಅದರಿಂದ ಏನನ್ನೂ ತೆಗೆದಿರಲಿಲ್ಲ. ಒಳಗಿನ ಅಣುವೇ ಒಂದು ಮಡಿಕೆಯನ್ನು ಬಿಚ್ಚಿಕೊಂಡು ಇನ್ನೊಂದು ರೂಪಕ್ಕೆ ತಿರುಗಿತ್ತು.

ಆ ಅಣು ಕೆರಾಟಿನ್ ಎಂಬ ಪ್ರೋಟೀನ್. ಒಂದೇ ಸರಪಳಿ ಬೇರೆ ಬೇರೆಯಾಗಿ ಮಡಚಿಕೊಳ್ಳಬಲ್ಲದು, ಮಡಚಿಕೊಂಡದ್ದು ಬಿಚ್ಚಿಕೊಳ್ಳಬಲ್ಲದು, ಬಿಚ್ಚಿಕೊಂಡದ್ದು ಮರಳಿ ಮಡಚಿಕೊಳ್ಳಬಲ್ಲದು ಎಂಬ ಈ ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಪ್ರೋಟೀನುಗಳ ಬಗೆಗಿನ ಉಳಿದ ವಿಷಯಗಳು ತಾವಾಗಿಯೇ ಜೋಡಿಸಿಕೊಳ್ಳುತ್ತವೆ. ಪಠ್ಯಪುಸ್ತಕದ ಬಣ್ಣದ ಚಿತ್ರಗಳಲ್ಲಿ ಪ್ರೋಟೀನು ಎರಕ ಹೊಯ್ದ ವಸ್ತುವಿನಂತೆ ಕಾಣುವುದರಿಂದ ಅದೊಂದು ಗಟ್ಟಿ ಆಕೃತಿಯೆಂಬ ಭಾವನೆ ಬೇರೂರಿಬಿಡುತ್ತದೆ. ವಾಸ್ತವದಲ್ಲಿ ಅದು ಬಿಚ್ಚಿಹೋಗದಿರಲು ಬೇಕಾದಷ್ಟು ಮಾತ್ರ ಬಿಗಿಯಾಗಿ ಮಡಚಿಕೊಂಡಿರುವ ಸರಪಳಿ, ಮತ್ತು ಅದರ ಕೆಲಸಗಳೆಲ್ಲ ನಡೆಯುವುದು ಆ ಸಡಿಲತನದಿಂದಲೇ.

ಹಳೆಯ ಕನ್ನಡ ಪಠ್ಯಗಳು ಪ್ರೋಟೀನನ್ನು ಸಸಾರಜನಕ ಎಂದು ಕರೆಯುತ್ತಿದ್ದವು. ಸಾರಜನಕದಿಂದ ಕೂಡಿದ್ದು ಎಂಬ ಅರ್ಥದ ಆ ಹೆಸರು ಈಗ ಬಳಕೆಯಲ್ಲಿ ಹಿಂದೆ ಸರಿದಿದ್ದರೂ ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಪ್ರೋಟೀನ್ ಎಂಬುದಕ್ಕಿಂತ ಹೆಚ್ಚು ಮಾಹಿತಿ ಕೊಡುವ ಪದ ಎಂಬುದು ನನ್ನ ಅಭಿಪ್ರಾಯ. ಸ್ವೀಡನ್ನಿನ ಬರ್ಸೀಲಿಯಸ್ ಸೂಚಿಸಿ, ನೆದರ್ಲೆಂಡ್ಸಿನ ಮುಲ್ಡರ್ 1838ರಲ್ಲಿ ಬಳಕೆಗೆ ತಂದ ಪ್ರೋಟೀನ್ ಎಂಬ ಹೆಸರಿಗೆ ಗ್ರೀಕ್ ಮೂಲದಲ್ಲಿ ಅಗ್ರಸ್ಥಾನದ್ದು ಎಂಬ ಅರ್ಥವಷ್ಟೇ ಇದೆ.

ಸರಪಳಿಯ ಕೊಂಡಿಗಳೆಂದರೆ ಅಮೈನೋ ಆಮ್ಲಗಳು. ಪ್ರತಿಯೊಂದರಲ್ಲೂ ನಡುವೆ ಒಂದು ಇಂಗಾಲದ ಪರಮಾಣು ಇರುತ್ತದೆ. ಅದರ ನಾಲ್ಕು ಕೈಗಳಲ್ಲಿ ಒಂದು ಸಾರಜನಕವಿರುವ ಅಮೈನೋ ಗುಂಪನ್ನೂ ಇನ್ನೊಂದು ಆಮ್ಲ ಗುಂಪನ್ನೂ ಮತ್ತೊಂದು ಹೈಡ್ರೋಜನ್ನನ್ನೂ ಹಿಡಿದಿದ್ದು, ನಾಲ್ಕನೆಯ ಕೈಯಲ್ಲಿ ಪಾರ್ಶ್ವಸರಪಳಿ ಎಂಬ ಭಾಗವಿರುತ್ತದೆ. ಮೊದಲ ಮೂರು ಎಲ್ಲಕ್ಕೂ ಸಮಾನ, ಅಮೈನೋ ಆಮ್ಲಗಳ ನಡುವಿನ ಭೇದವೆಲ್ಲ ಪಾರ್ಶ್ವಸರಪಳಿಯದು. ಗ್ಲೈಸಿನ್‌ನಲ್ಲಿ ಅದು ಬರಿಯ ಒಂದು ಹೈಡ್ರೋಜನ್. ಟ್ರಿಪ್ಟೋಫಾನ್‌ನಲ್ಲಿ ಎರಡು ಉಂಗುರಗಳು ಕೂಡಿದ ದೊಡ್ಡ ಗುಂಪು. ಲೈಸಿನ್‌ನಲ್ಲಿ ಧನ ವಿದ್ಯುದಂಶ, ಗ್ಲುಟಾಮಿಕ್ ಆಮ್ಲದಲ್ಲಿ ಋಣ ವಿದ್ಯುದಂಶ. ಲ್ಯೂಸಿನ್ ಮತ್ತು ವ್ಯಾಲಿನ್‌ಗಳದು ಎಣ್ಣೆಯ ಸ್ವಭಾವ. ಸಿಸ್ಟೀನ್‌ನ ತುದಿಯಲ್ಲಿ ಗಂಧಕ. ಜೀವಲೋಕದ ಪ್ರೋಟೀನುಗಳು ಸಾಮಾನ್ಯವಾಗಿ ಇಂತಹ 20 ಬಗೆಗಳಿಂದ ಕಟ್ಟಲ್ಪಡುತ್ತವೆ. ಒಂದರ ಆಮ್ಲ ಗುಂಪು ಮುಂದಿನದರ ಅಮೈನೋ ಗುಂಪಿನೊಡನೆ ಸೇರಿ, ಒಂದು ನೀರಿನ ಅಣು ಹೊರಬಿದ್ದು ಉಂಟಾಗುವ ಬೆಸುಗೆಯೇ ಪೆಪ್ಟೈಡ್ ಬಂಧ.

ನೂರು ಕೊಂಡಿಗಳ ಸಣ್ಣ ಸರಪಳಿಯನ್ನೇ ತೆಗೆದುಕೊಂಡರೂ, ಪ್ರತಿ ಸ್ಥಾನದಲ್ಲಿ 20 ಆಯ್ಕೆಗಳಿರುವುದರಿಂದ ಸಾಧ್ಯವಿರುವ ಸರಪಳಿಗಳ ಸಂಖ್ಯೆ 1ರ ಮುಂದೆ 130 ಸೊನ್ನೆಗಳನ್ನು ಬರೆದಷ್ಟಾಗುತ್ತದೆ. ಇಷ್ಟೊಂದು ಸಾಧ್ಯತೆಗಳಲ್ಲಿ ಒಂದು ಪ್ರೋಟೀನಿಗೆ ಒಂದೇ ನಿರ್ದಿಷ್ಟ ಅನುಕ್ರಮವಿದೆ ಎಂಬುದು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಖಚಿತವಾಗಿರಲಿಲ್ಲ. ಕೇಂಬ್ರಿಡ್ಜಿನ ಫ್ರೆಡ್ರಿಕ್ ಸ್ಯಾಂಗರ್ ಇನ್ಸುಲಿನ್ನನ್ನು ತುಂಡು ತುಂಡಾಗಿ ಒಡೆದು, ತುಂಡುಗಳ ತುದಿಗಳನ್ನು ಗುರುತಿಸಿ, ಒಂದರ ಮೇಲೊಂದು ಹೊಂದಿಸಿ ನೋಡುತ್ತ 1950ರ ದಶಕದ ಮೊದಲ ಅರ್ಧದಲ್ಲಿ ಅದರ 51 ಅಮೈನೋ ಆಮ್ಲಗಳ ಕ್ರಮವನ್ನು ಬಿಡಿಸಿ ಇಟ್ಟಾಗ ಆ ಅನುಮಾನ ಮುಗಿಯಿತು: ಒಂದು ಸರಪಳಿಯಲ್ಲಿ 21, ಇನ್ನೊಂದರಲ್ಲಿ 30, ಎರಡನ್ನೂ ಗಂಧಕದ ಸೇತುವೆಗಳು ಕಟ್ಟಿಹಾಕಿದ್ದವು. ಈ ಕೆಲಸಕ್ಕೆ ಅವರಿಗೆ 1958ರ ನೊಬೆಲ್ ದೊರೆಯಿತು. ವಂಶವಾಹಿಯಲ್ಲಿ ಬರೆದಿರುವುದು ಈ ಅನುಕ್ರಮವನ್ನೇ. ಜೀವಕೋಶದ ರೈಬೋಸೋಮ್ ಎಂಬ ಯಂತ್ರ ಅದನ್ನು ಓದಿಕೊಂಡು ಕೊಂಡಿಗೆ ಕೊಂಡಿ ಸೇರಿಸುತ್ತದೆ. ಆದರೆ ವಂಶವಾಹಿಯಲ್ಲಿ ಆಕಾರದ ನಕ್ಷೆ ಎಂಬುದು ಪ್ರತ್ಯೇಕವಾಗಿ ಎಲ್ಲಿಯೂ ಇಲ್ಲ. ಸರಪಳಿಯ ಆಕಾರ ಸರಪಳಿಯಿಂದಲೇ ಬರಬೇಕು.

ಆಸ್ಟ್‌ಬರಿಯ ಆಲ್ಫಾ ಚಿತ್ತಾರದ ಹಿಂದಿರುವ ಆಕಾರ ಯಾವುದು ಎಂಬುದು ಎರಡು ದಶಕ ಕಾಡಿದ ಪ್ರಶ್ನೆ. 1948ರ ವಸಂತದಲ್ಲಿ ಆಕ್ಸ್‌ಫರ್ಡಿಗೆ ಬಂದಿದ್ದ ಅಮೆರಿಕದ ಲೈನಸ್ ಪಾಲಿಂಗ್ ನೆಗಡಿಯಾಗಿ ಹಾಸಿಗೆ ಹಿಡಿದಿದ್ದಾಗ ಒಂದು ಕಾಗದದ ಮೇಲೆ ಪೆಪ್ಟೈಡ್ ಸರಪಳಿಯನ್ನು ಬರೆದು, ಇಂಗಾಲಗಳ ಸ್ಥಾನದಲ್ಲಿ ಕಾಗದವನ್ನು ಮಡಚುತ್ತ ಹೋದರು. ಅವರಿಗೆ ಗೊತ್ತಿದ್ದ ಒಂದು ವಿಷಯ ಪೈಪೋಟಿಯಲ್ಲಿದ್ದ ಕೇಂಬ್ರಿಡ್ಜ್ ತಂಡದ ಲೆಕ್ಕದಿಂದ ತಪ್ಪಿಹೋಗಿತ್ತು: ಪೆಪ್ಟೈಡ್ ಬಂಧ ನೋಡಲು ಒಂಟಿ ಬಂಧವಾದರೂ ಅದರಲ್ಲಿ ಜೋಡಿ ಬಂಧದ ಗುಣ ಸುಮಾರು ಶೇಕಡಾ 40ರಷ್ಟು ಬೆರೆತಿರುವುದರಿಂದ ಅದು ತಿರುಗುವುದಿಲ್ಲ, ಅದರ ಸುತ್ತಲಿನ ಪರಮಾಣುಗಳೆಲ್ಲ ಒಂದೇ ಸಮತಲದಲ್ಲಿ ಹಲಗೆಯಂತೆ ನಿಲ್ಲುತ್ತವೆ. ಸರಪಳಿ ತಿರುಗುವುದು ಹಲಗೆ ಹಲಗೆಗಳ ನಡುವಿನ ಇಂಗಾಲದ ಕೀಲಿನಲ್ಲಿ ಮಾತ್ರ. ಹಾಗೆ ಮಡಚುತ್ತಿದ್ದಾಗ ಕಾಗದ ಒಂದು ಸುರುಳಿಯಾಯಿತು. ಪ್ರತಿ ಸುತ್ತಿಗೆ 3.6 ಅಮೈನೋ ಆಮ್ಲಗಳು, ಸುತ್ತಿಗೂ ಸುತ್ತಿಗೂ 0.54 ನ್ಯಾನೋಮೀಟರ್ ಅಂತರ, ಒಂದು ಕೊಂಡಿಯ ಆಮ್ಲಜನಕ ನಾಲ್ಕು ಕೊಂಡಿ ಮುಂದಿನ ಸಾರಜನಕದ ಹೈಡ್ರೋಜನ್ನಿಗೆ ನೇರವಾಗಿ ಕೈಚಾಚಿ ಹೈಡ್ರೋಜನ್ ಬಂಧ ಎಂಬ ದುರ್ಬಲ ಸೆಳೆತವನ್ನು ಉಂಟುಮಾಡುವ ವ್ಯವಸ್ಥೆ. ಸುತ್ತಿಗೆ ಪೂರ್ಣಾಂಕದಷ್ಟು ಕೊಂಡಿಗಳೇ ಇರಬೇಕೆಂಬ ನಿಯಮವೇನೂ ಪ್ರಕೃತಿಯಲ್ಲಿಲ್ಲ ಎಂಬುದನ್ನು ಒಪ್ಪಿಕೊಂಡದ್ದೇ ಅವರ ಇನ್ನೊಂದು ಗೆಲುವು.

ಆದರೂ ಪಾಲಿಂಗ್ ಅದನ್ನು ತಕ್ಷಣ ಪ್ರಕಟಿಸಲಿಲ್ಲ. ಕೂದಲು, ಉಣ್ಣೆಗಳ ಕ್ಷ-ಕಿರಣ ಚಿತ್ರದಲ್ಲಿ ಕಾಣುತ್ತಿದ್ದ ಅಂತರ 0.51 ನ್ಯಾನೋಮೀಟರ್, ಅವರ ಸುರುಳಿಯಲ್ಲಿ 0.54. ಕಡೆಗೆ 1951ರಲ್ಲಿ ರಾಬರ್ಟ್ ಕೋರಿ ಮತ್ತು ಹರ್ಮನ್ ಬ್ರಾನ್ಸನ್ ಜೊತೆಗೂಡಿ ಪ್ರಕಟಿಸಿದಾಗ, ಕೇಂಬ್ರಿಡ್ಜಿನ ಮ್ಯಾಕ್ಸ್ ಪೆರುಟ್ಸ್ ಅದನ್ನು ಓದಿ, ಸುರುಳಿ ನಿಜವಾದರೆ ಕೊಂಡಿಯಿಂದ ಕೊಂಡಿಗೆ 0.15 ನ್ಯಾನೋಮೀಟರ್ ಏರಿಕೆಯ ಗುರುತು ಚಿತ್ರದಲ್ಲಿ ಇರಲೇಬೇಕೆಂದು ಕುದುರೆಯ ಕೂದಲೊಂದನ್ನು ಸರಿಯಾದ ಕೋನದಲ್ಲಿ ಓರೆಯಾಗಿಟ್ಟು ಕಿರಣ ಹಾಯಿಸಿದರು. ಅದುವರೆಗೆ ಯಾರೂ ಆ ಕೋನದಲ್ಲಿ ನೋಡಿರಲಿಲ್ಲ, ಗುರುತು ಅಲ್ಲಿಯೇ ಇತ್ತು. 0.51ರ ಒಗಟನ್ನು ಮುಂದಿನ ವರ್ಷ ಫ್ರಾನ್ಸಿಸ್ ಕ್ರಿಕ್ ಬಿಡಿಸಿದರು: ಕೂದಲಿನಲ್ಲಿ ಆಲ್ಫಾ ಸುರುಳಿಗಳು ಹಗ್ಗದ ಹುರಿಗಳಂತೆ ಒಂದನ್ನೊಂದು ಸುತ್ತಿಕೊಂಡಿರುವುದರಿಂದ ತುಸು ವಾಲಿರುತ್ತವೆ, ವಾಲಿದ ಸುರುಳಿಯ ಸುತ್ತಿನ ಅಂತರ ನೇರದಲ್ಲಿ ಅಳೆದಾಗ ಅಷ್ಟು ಕಡಿಮೆ ಕಾಣುತ್ತದೆ. ಎಳೆದ ಕೂದಲಿನ ಬೀಟಾ ರೂಪದಲ್ಲಿ ಸರಪಳಿ ಬಹುತೇಕ ಚಾಚಿಕೊಂಡು, ಪಕ್ಕಪಕ್ಕದ ಎಳೆಗಳು ಹೈಡ್ರೋಜನ್ ಬಂಧಗಳಿಂದ ಸೇರಿ ನೆರಿಗೆ ಹಿಡಿದ ಹಾಳೆಯಾಗುತ್ತದೆ. ಒಂದೊಂದು ಕೊಂಡಿಯೂ ಸುಮಾರು 0.34 ನ್ಯಾನೋಮೀಟರ್ ಜಾಗ ತೆಗೆದುಕೊಳ್ಳುತ್ತದೆ. 0.15ರಿಂದ 0.34ಕ್ಕೆ ಏರುವ ಈ ಲೆಕ್ಕದಲ್ಲೇ ಹಬೆಯಲ್ಲಿ ಉಣ್ಣೆ ಇಮ್ಮಡಿಯಾಗುವ ಗುಟ್ಟೂ ಇದೆ.

ಸುರುಳಿಯೂ ಹಾಳೆಯೂ ಮಾತ್ರವೇ ಏಕೆ, ಸರಪಳಿ ಮನಬಂದಂತೆ ಏಕೆ ತಿರುಗಬಾರದು ಎಂಬುದಕ್ಕೆ ಅತ್ಯಂತ ಸರಳವಾದ ಉತ್ತರ ಬಂದದ್ದು ಮದ್ರಾಸ್ ವಿಶ್ವವಿದ್ಯಾಲಯದಿಂದ. ಜಿ.ಎನ್. ರಾಮಚಂದ್ರನ್ ತಮ್ಮ ಸಹೋದ್ಯೋಗಿಗಳಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇಂಗಾಲದ ಕೀಲಿನ ಎರಡು ತಿರುವು ಕೋನಗಳನ್ನು ಫೈ, ಸೈ ಎಂದು ಕರೆದು, ಒಂದನ್ನು ಅಡ್ಡಕ್ಕೂ ಇನ್ನೊಂದನ್ನು ಉದ್ದಕ್ಕೂ ಗುರುತಿಸಿ ಒಂದು ನಕ್ಷೆ ಮಾಡಿದರು. ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆಯೋ ಆ ಜಾಗವನ್ನೆಲ್ಲ ಹೊಡೆದುಹಾಕಿದ ಮೇಲೆ ನಕ್ಷೆಯ ಬಹುಭಾಗ ಖಾಲಿಯಾಗಿ, ಕೆಲವೇ ದ್ವೀಪಗಳು ಉಳಿದವು. ಒಂದು ದ್ವೀಪದಲ್ಲಿ ಆಲ್ಫಾ ಸುರುಳಿ, ಇನ್ನೊಂದರಲ್ಲಿ ಬೀಟಾ ಹಾಳೆ. ಎರಡು ಘನವಸ್ತುಗಳು ಒಂದೇ ಜಾಗದಲ್ಲಿರಲಾರವು ಎಂಬ, ಮಗುವಿಗೂ ತಿಳಿದ ನಿಯಮವೊಂದರಿಂದ ಇಷ್ಟನ್ನೆಲ್ಲ ಹೊರತೆಗೆದ ಆ ಕೆಲಸದ ಚೆಲುವು ನನಗೆ ಇಂದಿಗೂ ಹಳೆಯದಾಗಿಲ್ಲ. ಹೊಸದಾಗಿ ಬಿಡಿಸಿದ ಯಾವುದೇ ಪ್ರೋಟೀನಿನ ರಚನೆ ಸರಿಯಿದೆಯೇ ಎಂದು ನೋಡಲು ಪ್ರಪಂಚದಾದ್ಯಂತ ಈಗಲೂ ಬಳಸುವುದು ಇದೇ ರಾಮಚಂದ್ರನ್ ನಕ್ಷೆಯನ್ನು.

ಅಮೈನೋ ಆಮ್ಲಗಳ ಅನುಕ್ರಮಕ್ಕೆ ಪ್ರಾಥಮಿಕ ರಚನೆ, ಸುರುಳಿ-ಹಾಳೆಗಳಿಗೆ ದ್ವಿತೀಯಕ, ಅವೆಲ್ಲ ಸೇರಿ ಇಡೀ ಸರಪಳಿ ಪಡೆಯುವ ಆಕಾರಕ್ಕೆ ತೃತೀಯಕ, ಹಲವು ಸರಪಳಿಗಳ ಕೂಟಕ್ಕೆ ಚತುರ್ಥಕ ರಚನೆ ಎಂದು ಹೆಸರು. ವಿಂಗಡಣೆ ಉಪಯುಕ್ತವಾದದ್ದೇ, ಆದರೆ ಸರಪಳಿ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತದೆ ಎಂದು ವಿದ್ಯಾರ್ಥಿಗಳು ತಿಳಿದುಕೊಳ್ಳುವುದರಿಂದ ಅದು ಅಪಾಯಕಾರಿಯೂ ಹೌದು. ಸರಪಳಿಯನ್ನು ಮಡಚುವ ಮುಖ್ಯ ಶಕ್ತಿ ಈ ಮೆಟ್ಟಿಲುಗಳ ಪಟ್ಟಿಯಲ್ಲೇ ಇಲ್ಲ. ಅದು ಇರುವುದು ಸರಪಳಿಯ ಸುತ್ತಲಿನ ನೀರಿನಲ್ಲಿ.

ನೀರಿಗೆ ಎಣ್ಣೆಯ ಹನಿಗಳನ್ನು ಹಾಕಿದರೆ ಅವು ಒಂದಾಗುತ್ತವೆ. ಎಣ್ಣೆಯ ಅಣುಗಳು ಪರಸ್ಪರ ಬಲವಾಗಿ ಸೆಳೆಯುವುದರಿಂದಲೋ ನೀರು ಎಣ್ಣೆಯನ್ನು ತಳ್ಳುವುದರಿಂದಲೋ ಹೀಗಾಗುತ್ತದೆ ಎಂದು ತೋರಿದರೂ ವಿಷಯ ಅದಲ್ಲ. ನೀರಿನ ಅಣುಗಳು ಸದಾ ಅತ್ತಿತ್ತ ಹೊರಳುತ್ತ, ಕ್ಷಣಕ್ಷಣಕ್ಕೂ ಸಂಗಾತಿಗಳನ್ನು ಬದಲಿಸುತ್ತ ಪರಸ್ಪರ ಹೈಡ್ರೋಜನ್ ಬಂಧಗಳನ್ನು ಹೆಣೆಯುತ್ತಿರುತ್ತವೆ. ಎಣ್ಣೆಯ ಅಣುವೊಂದು ನಡುವೆ ಬಂದರೆ ಅದಕ್ಕೆ ತಾಗಿದ ನೀರಿನ ಅಣುಗಳು ಆ ಕಡೆಗೆ ಕೈಚಾಚಿ ಪ್ರಯೋಜನವಿಲ್ಲವಾದ್ದರಿಂದ, ಇರುವ ಬಂಧಗಳನ್ನು ಉಳಿಸಿಕೊಳ್ಳಲು ಕೆಲವೇ ಭಂಗಿಗಳಲ್ಲಿ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ. ಅವುಗಳ ಸ್ವಾತಂತ್ರ್ಯ ಕುಗ್ಗುತ್ತದೆ. ಎಣ್ಣೆಯ ಅಣುಗಳೆಲ್ಲ ಒಂದೆಡೆ ಗುಂಪಾದರೆ ನೀರಿಗೆ ತಾಗುವ ಮೈ ಕಡಿಮೆಯಾಗಿ, ಹೀಗೆ ಕಟ್ಟುಬಿದ್ದ ನೀರಿನ ಅಣುಗಳು ಬಿಡುಗಡೆ ಹೊಂದುತ್ತವೆ. ವ್ಯವಸ್ಥೆಯೊಂದು ಎಷ್ಟು ಬಗೆಗಳಲ್ಲಿ ಇರಬಲ್ಲದು ಎಂಬುದರ ಅಳತೆಯಾದ ಎಂಟ್ರೊಪಿ ಹೆಚ್ಚುವುದು ಆ ದಾರಿಯಲ್ಲಿ.

ಪ್ರೋಟೀನಿನ ಸರಪಳಿಯಲ್ಲಿಯೂ ಇದೇ ನಡೆಯುತ್ತದೆ. ಎಣ್ಣೆಯ ಸ್ವಭಾವದ ಲ್ಯೂಸಿನ್, ವ್ಯಾಲಿನ್, ಫಿನೈಲ್‌ಅಲನಿನ್‌ಗಳು ಒಳಗೆ ಸೇರಿಕೊಂಡು ತಿರುಳಾಗುತ್ತವೆ. ವಿದ್ಯುದಂಶವಿರುವವು ಹೊರಮೈಯಲ್ಲಿ ನೀರಿನೊಡನೆ ಉಳಿಯುತ್ತವೆ. ಸರಪಳಿಯ ಬೆನ್ನೆಲುಬು ಕೂಡ ಒಳಗೆ ಹೋಗಲೇಬೇಕಾದ್ದರಿಂದ, ನೀರಿನೊಡನೆ ಇಟ್ಟುಕೊಂಡಿದ್ದ ಹೈಡ್ರೋಜನ್ ಬಂಧಗಳಿಗೆ ಬದಲಾಗಿ ತನ್ನೊಳಗೇ ಬಂಧ ಹುಡುಕಿಕೊಳ್ಳುತ್ತದೆ, ಸುರುಳಿಗಳೂ ಹಾಳೆಗಳೂ ಅದಕ್ಕೆ ಅನುಕೂಲವಾದ ಏರ್ಪಾಡುಗಳು. ಈ ವಿವರಣೆಗೆ ಒಂದು ವಿಚಿತ್ರವಾದ ಸಾಕ್ಷ್ಯವಿದೆ. ಕಾಯಿಸಿದಾಗ ಪ್ರೋಟೀನು ಬಿಚ್ಚಿಕೊಳ್ಳುವುದು ಎಲ್ಲರಿಗೂ ಗೊತ್ತು. ಕೆಲವು ಪ್ರೋಟೀನುಗಳು ಬಹಳ ತಂಪು ಮಾಡಿದಾಗಲೂ ಬಿಚ್ಚಿಕೊಳ್ಳುತ್ತವೆ. ಗಟ್ಟಿ ಬಂಧಗಳಿಂದಲೇ ಪ್ರೋಟೀನು ನಿಂತಿದ್ದರೆ ತಂಪಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗಬೇಕಿತ್ತು. ತಾಪ ಇಳಿದಂತೆ ನೀರಿನ ಅಣುಗಳಿಗೆ ಸಾಲುಗಟ್ಟಿ ನಿಲ್ಲುವುದು ಅಷ್ಟೊಂದು ನಷ್ಟದ ಬಾಬತ್ತಾಗುವುದಿಲ್ಲ, ಸರಪಳಿಯನ್ನು ಮಡಚಿಡುವ ಒತ್ತಾಯವೂ ಸಡಿಲಗೊಳ್ಳುತ್ತದೆ.

ಇಲ್ಲಿ ಲೆಕ್ಕದ ಒಂದು ಮಾತನ್ನು ಗಮನಿಸಬೇಕು. ಮಡಚಿಕೊಳ್ಳುವುದರಿಂದ ನೀರಿಗೆ ದೊಡ್ಡ ಲಾಭವಿದೆ; ಸರಪಳಿಗೆ ತನ್ನ ಓಲಾಟದ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವ ಹೆಚ್ಚುಕಡಿಮೆ ಅಷ್ಟೇ ದೊಡ್ಡ ನಷ್ಟವಿದೆ. ಎರಡನ್ನೂ ಕಳೆದು ಉಳಿಯುವ ಲಾಭ ಕೆಲವೇ ಹೈಡ್ರೋಜನ್ ಬಂಧಗಳ ಬೆಲೆಯಷ್ಟು ಮಾತ್ರ. ನೂರಾರು ಕೊಂಡಿಗಳ ರಚನೆ ಇಷ್ಟು ತೆಳುವಾದ ಅಂತರದಿಂದ ನಿಂತಿದೆ. ಅದಕ್ಕಾಗಿಯೇ ತಾಪ, ಆಮ್ಲೀಯತೆ, ಒಂದು ಕೊಂಡಿಯ ಬದಲಾವಣೆ ಇವುಗಳಲ್ಲಿ ಯಾವುದೂ ಅದನ್ನು ಕೆಡಿಸಬಲ್ಲದು.

ಅನುಕ್ರಮವೇ ಆಕಾರವನ್ನು ನಿರ್ಧರಿಸುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿದವರು ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್. ರೈಬೋನ್ಯೂಕ್ಲಿಯೇಸ್ ಎಂಬ 124 ಕೊಂಡಿಗಳ ಕಿಣ್ವದಲ್ಲಿ (ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಪ್ರೋಟೀನೇ ಕಿಣ್ವ) ಎಂಟು ಸಿಸ್ಟೀನ್‌ಗಳು ಜೋಡಿಜೋಡಿಯಾಗಿ ಸೇರಿ ನಾಲ್ಕು ಗಂಧಕದ ಸೇತುವೆಗಳಾಗಿವೆ. ಎಂಟನ್ನು ಜೋಡಿಸುವ ಬಗೆಗಳು ಒಟ್ಟು 105. ಅವುಗಳಲ್ಲಿ ಒಂದು ಮಾತ್ರ ಸರಿ. ಆನ್‌ಫಿನ್ಸೆನ್ ಯೂರಿಯಾ ಹಾಕಿ ಮಡಿಕೆಯನ್ನೂ ಇನ್ನೊಂದು ರಾಸಾಯನಿಕ ಹಾಕಿ ಸೇತುವೆಗಳನ್ನೂ ಬಿಡಿಸಿದರು, ಕಿಣ್ವ ಕೆಲಸ ನಿಲ್ಲಿಸಿತು. ಎರಡನ್ನೂ ತೊಳೆದು ತೆಗೆದಾಗ ಸರಪಳಿ ಯಾರ ಸಹಾಯವೂ ಇಲ್ಲದೆ ಮಡಚಿಕೊಂಡು, 105ರಲ್ಲಿ ಆ ಒಂದನ್ನೇ ಆರಿಸಿಕೊಂಡು, ಬಹುತೇಕ ಪೂರ್ತಿಯಾಗಿ ಕೆಲಸಕ್ಕೆ ಮರಳಿತು. ಯೂರಿಯಾ ಇರುವಾಗಲೇ ಸೇತುವೆಗಳನ್ನು ಕಟ್ಟಿಸಿದರೆ ಮಾತ್ರ ಸಿಕ್ಕಸಿಕ್ಕವು ಸೇರಿಕೊಂಡು ಶೇಕಡಾ ಒಂದರಷ್ಟು ಚಟುವಟಿಕೆ ಉಳಿಯಿತು. ಕೂದಲನ್ನು ಗುಂಗುರು ಮಾಡುವವರು ಮಾಡುವುದೂ ಈ ಎರಡನೆಯ ಪ್ರಯೋಗದಂಥದನ್ನೇ: ಕೆರಾಟಿನ್ನಿನ ಗಂಧಕದ ಸೇತುವೆಗಳನ್ನು ಒಂದು ದ್ರಾವಣದಿಂದ ಮುರಿದು, ಕೂದಲನ್ನು ಸುರುಳಿಗೆ ಸುತ್ತಿ, ಇನ್ನೊಂದು ದ್ರಾವಣದಿಂದ ಆ ಹೊಸ ಭಂಗಿಯಲ್ಲೇ ಸೇತುವೆಗಳನ್ನು ಮತ್ತೆ ಕಟ್ಟಿಸುತ್ತಾರೆ. ಆನ್‌ಫಿನ್ಸೆನ್ ಅವರಿಗೆ 1972ರಲ್ಲಿ ನೊಬೆಲ್ ಬಂತು.

ಸರಪಳಿ ತನ್ನ ಆಕಾರವನ್ನು ಹುಡುಕಿಕೊಳ್ಳುವುದಾದರೂ ಹೇಗೆ? ಸೈರಸ್ ಲೆವಿಂಥಾಲ್ 1969ರಲ್ಲಿ ಎತ್ತಿದ ಆಕ್ಷೇಪ ಇದು. ನೂರು ಕೊಂಡಿಗಳಿಗೆ ಮೂರು ಮೂರೇ ಭಂಗಿಗಳಿವೆಯೆಂದು ಹಿಡಿದರೂ ಒಟ್ಟು ಭಂಗಿಗಳು 5ರ ಮುಂದೆ 47 ಸೊನ್ನೆಗಳಷ್ಟಾಗುತ್ತವೆ. ಸೆಕೆಂಡಿಗೆ ಲಕ್ಷ ಕೋಟಿಗಳಷ್ಟನ್ನು ಪರೀಕ್ಷಿಸಿದರೂ ವಿಶ್ವದ 1380 ಕೋಟಿ ವರ್ಷಗಳ ವಯಸ್ಸು ಎಲ್ಲಿಯೂ ಸಾಲದು. ಆದರೆ ಅನೇಕ ಸಣ್ಣ ಪ್ರೋಟೀನುಗಳು ಸೆಕೆಂಡಿಗಿಂತ ಕಡಿಮೆ ಕಾಲದಲ್ಲಿ ಮಡಚಿಕೊಳ್ಳುತ್ತವೆ. ಹುಡುಕಾಟ ಕುರುಡಲ್ಲ ಎಂಬುದೇ ಉತ್ತರ: ಎಣ್ಣೆಯ ಸ್ವಭಾವದವು ಸೇರಿದೊಡನೆ ಸಾಧ್ಯತೆಗಳಲ್ಲಿ ಬಹುಪಾಲು ಬಿದ್ದುಹೋಗುತ್ತವೆ, ಸರಿಯಾಗಿ ಕೂತ ತುಣುಕುಗಳು ಕೂತಲ್ಲೇ ಉಳಿದು ಮುಂದಿನವಕ್ಕೆ ದಾರಿ ಮಾಡುತ್ತವೆ, ಇಳಿಜಾರಿನಲ್ಲಿ ಬಿದ್ದ ನೀರು ಕಣಿವೆಯ ಪ್ರತಿ ಮೂಲೆಯನ್ನೂ ತಡಕಾಡದೆ ತಳ ಸೇರುವ ಹಾಗೆ. ಜೀವಕೋಶದೊಳಗೆ ಇನ್ನೊಂದು ತೊಡಕಿದೆ. ಅಲ್ಲಿ ಪ್ರೋಟೀನುಗಳು ಕಿಕ್ಕಿರಿದಿರುವುದರಿಂದ ಅರ್ಧ ಮಡಚಿದ ಸರಪಳಿ ತನ್ನ ಎಣ್ಣೆಯ ಮೈಯನ್ನು ತೋರಿಸಿಕೊಂಡು ನೆರೆಯವುಗಳಿಗೆ ಅಂಟಿಕೊಳ್ಳುವ ಭಯ. ಇದನ್ನು ತಪ್ಪಿಸಲು ಚಾಪರೋನ್ ಎಂಬ ಪಾಲಕ ಪ್ರೋಟೀನುಗಳಿವೆ. ಬ್ಯಾಕ್ಟೀರಿಯಾಗಳ ಗ್ರೋ-ಇಎಲ್ ಎಂಬುದು ಏಳೇಳು ಘಟಕಗಳ ಎರಡು ಉಂಗುರಗಳಿಂದಾದ ಪೀಪಾಯಿ. ಸರಪಳಿಯನ್ನು ಒಳಗೆ ಬಿಟ್ಟುಕೊಂಡು, ಮುಚ್ಚಳ ಹಾಕಿ, ಏಕಾಂತದಲ್ಲಿ ಮಡಚಿಕೊಳ್ಳಲು ಕೆಲವು ಸೆಕೆಂಡುಗಳ ಅವಕಾಶ ಕೊಟ್ಟು ಹೊರಗೆ ಬಿಡುತ್ತದೆ. ಹೇಗೆ ಮಡಚಿಕೊಳ್ಳಬೇಕೆಂದು ಅದು ಹೇಳಿಕೊಡುವುದಿಲ್ಲ.

ಇನ್ನು ಕೆಲಸದ ವಿಷಯ. ಮನುಷ್ಯನ ವಂಶವಾಹಿಗಳಲ್ಲಿ ಪ್ರೋಟೀನುಗಳಿಗೆ ಮೀಸಲಾದವು ಸುಮಾರು 20,000. ಅವುಗಳ ಕೆಲಸಗಳ ಪಟ್ಟಿ ಮಾಡುವುದಕ್ಕಿಂತ ಒಂದನ್ನು ಹತ್ತಿರದಿಂದ ನೋಡುವುದು ಲೇಸು. ರಕ್ತದ ಹಿಮೋಗ್ಲೋಬಿನ್ ನಾಲ್ಕು ಸರಪಳಿಗಳ ಕೂಟ: 141 ಕೊಂಡಿಗಳ ಎರಡು ಆಲ್ಫಾ, 146 ಕೊಂಡಿಗಳ ಎರಡು ಬೀಟಾ (ಸುರುಳಿ-ಹಾಳೆಗಳ ಆಲ್ಫಾ, ಬೀಟಾಗಳಿಗೂ ಈ ಹೆಸರುಗಳಿಗೂ ಸಂಬಂಧವಿಲ್ಲ). ಪ್ರತಿ ಸರಪಳಿಯ ಮಡಿಲಲ್ಲಿ ಹೀಮ್ ಎಂಬ ಚಪ್ಪಟೆ ಉಂಗುರ, ಅದರ ನಡುವೆ ಒಂದು ಕಬ್ಬಿಣದ ಪರಮಾಣು. 1930ರ ದಶಕದ ಕೊನೆಯಲ್ಲಿ ಪ್ರಾಗ್‌ನಲ್ಲಿದ್ದ ಫೆಲಿಕ್ಸ್ ಹೌರೋವಿಟ್ಸ್ ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ನಿನ ನೇರಳೆ ಬಣ್ಣದ ಷಟ್ಕೋನ ಹರಳುಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದರು. ಗಾಜಿನ ಅಂಚಿನಿಂದ ಗಾಳಿ ಒಳನುಗ್ಗಿದಂತೆ ಆ ಹರಳುಗಳು ಅವರ ಕಣ್ಣೆದುರಿಗೇ ಕರಗಿ, ಅವುಗಳ ಜಾಗದಲ್ಲಿ ಕೆಂಪು ಸೂಜಿಗಳಂತಹ ಬೇರೆ ಹರಳುಗಳು ಮೂಡಿದವು. ಹರಳಿನ ಆಕಾರ ಅದರೊಳಗಿನ ಅಣುವಿನ ಆಕಾರವನ್ನು ಅವಲಂಬಿಸಿರುತ್ತದೆ. ಹಾಗಾದರೆ ಆಮ್ಲಜನಕ ಹಿಡಿದಾಗ ಹಿಮೋಗ್ಲೋಬಿನ್ ತನ್ನ ಆಕಾರವನ್ನೇ ಬದಲಿಸುತ್ತದೆ ಎಂದಾಯಿತು.

ಅದು ಹೇಗೆಂಬುದನ್ನು ಪರಮಾಣುಗಳ ಮಟ್ಟದಲ್ಲಿ ವಿವರಿಸಲು ಪೆರುಟ್ಸ್ ಅವರಿಗೆ 1970ರವರೆಗೆ ಕಾಲ ಬೇಕಾಯಿತು. ಆಮ್ಲಜನಕವಿಲ್ಲದಾಗ ಕಬ್ಬಿಣ ಹೀಮ್‌ನ ಸಮತಲದಿಂದ ತುಸು ಹೊರಗಿರುತ್ತದೆ. ಆಮ್ಲಜನಕ ಬಂದು ಕೂತಾಗ ಸುಮಾರು 0.04 ನ್ಯಾನೋಮೀಟರ್ ಸರಿದು ಸಮತಲದೊಳಕ್ಕೆ ಇಳಿಯುತ್ತದೆ. ಇಷ್ಟು ಚಿಕ್ಕ ಚಲನೆ ಕಬ್ಬಿಣಕ್ಕೆ ಕಟ್ಟಿಕೊಂಡ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಎಳೆಯುತ್ತದೆ, ಹಿಸ್ಟಿಡಿನ್ ತಾನಿರುವ ಸುರುಳಿಯನ್ನು ಎಳೆಯುತ್ತದೆ, ಸುರುಳಿ ಪಕ್ಕದ ಸರಪಳಿಯೊಡನೆ ತಾನು ಕೂಡುವ ಅಂಚನ್ನು ಸರಿಸುತ್ತದೆ; ಕಡೆಗೆ ಅಣುವಿನ ಒಂದು ಅರ್ಧ ಇನ್ನೊಂದರ ಮೇಲೆ 15 ಡಿಗ್ರಿಯಷ್ಟು ಹೊರಳುತ್ತದೆ. ಹೊರಳಿದ ಮೇಲೆ ಉಳಿದ ಕಬ್ಬಿಣಗಳಿಗೆ ಆಮ್ಲಜನಕ ಹಿಡಿಯುವುದು ಸುಲಭ. ಹೀಗಾಗಿ ಶ್ವಾಸಕೋಶದಲ್ಲಿ ಆಮ್ಲಜನಕ ಹೇರಳವಾಗಿರುವಾಗ ನಾಲ್ಕು ಜಾಗಗಳೂ ಬೇಗ ತುಂಬಿಕೊಳ್ಳುತ್ತವೆ, ದುಡಿಯುವ ಸ್ನಾಯುವಿನ ಬಳಿ ಒಂದು ಬಿಟ್ಟರೆ ಉಳಿದವೂ ಬಿಡುತ್ತವೆ. ಸ್ನಾಯುವಿನಲ್ಲೇ ಇರುವ ಒಂಟಿ ಸರಪಳಿಯ ಮಯೋಗ್ಲೋಬಿನ್‌ಗೆ ಈ ಜಾಣ್ಮೆಯಿಲ್ಲ. ಅದು ಹಿಡಿದದ್ದನ್ನು ಬಿಡಲು ಹಿಂದೆಮುಂದೆ ನೋಡುವ ದಾಸ್ತಾನುಗಾರ.

ಮಯೋಗ್ಲೋಬಿನ್ ಇನ್ನೊಂದು ಕಾರಣಕ್ಕೆ ಮುಖ್ಯ. ಪರಮಾಣುಗಳ ಮಟ್ಟದಲ್ಲಿ ರಚನೆ ತಿಳಿದ ಮೊದಲ ಪ್ರೋಟೀನು ಅದು. ಜಾನ್ ಕೆಂಡ್ರೂ ತಿಮಿಂಗಿಲದ ಸ್ನಾಯುವಿನಿಂದ ತೆಗೆದು ಅದನ್ನು ಬಿಡಿಸಿದರು, 1962ರಲ್ಲಿ ಪೆರುಟ್ಸ್ ಅವರೊಡನೆ ನೊಬೆಲ್ ಹಂಚಿಕೊಂಡರು. ಆ ರಚನೆಯನ್ನು ಎಷ್ಟು ನೋಡಿದರೂ ಆಮ್ಲಜನಕ ಒಳಗಿನ ಕಬ್ಬಿಣವನ್ನು ತಲುಪಲು ದಾರಿಯೇ ಕಾಣಲಿಲ್ಲ. ನಿಂತ ಚಿತ್ರದಲ್ಲಿ ಬಾಗಿಲಿಲ್ಲ. ಪ್ರೋಟೀನು ಎಡೆಬಿಡದೆ ಮಿಸುಕಾಡುತ್ತಿರುವಾಗ ಕ್ಷಣಮಾತ್ರ ತೆರೆದು ಮುಚ್ಚುವ ಬಿರುಕುಗಳಲ್ಲಿ ಆಮ್ಲಜನಕ ನುಸುಳಿ ಒಳಹೋಗುತ್ತದೆ. ಎರಕ ಹೊಯ್ದಂತೆ ಗಟ್ಟಿಯಾದ ಮಯೋಗ್ಲೋಬಿನ್ ಕೆಲಸಕ್ಕೆ ಬಾರದ್ದಾಗಿರುತ್ತಿತ್ತು.

ಕಿಣ್ವಗಳದೂ ಇದೇ ಕಥೆ. 1894ರಲ್ಲಿ ಎಮಿಲ್ ಫಿಶರ್ ಕಿಣ್ವವನ್ನು ಬೀಗಕ್ಕೂ ಅದು ಹಿಡಿಯುವ ಅಣುವನ್ನು ಕೀಲಿಗೂ ಹೋಲಿಸಿದರು. 1958ರಲ್ಲಿ ಡೇನಿಯಲ್ ಕಾಶ್‌ಲ್ಯಾಂಡ್ ಬೀಗವೂ ಕೀಲಿಗೆ ತಕ್ಕಂತೆ ಬಾಗುತ್ತದೆ ಎಂದರು. ಗ್ಲೂಕೋಸ್‌ಗೆ ಫಾಸ್ಫೇಟ್ ಅಂಟಿಸುವ ಹೆಕ್ಸೋಕೈನೇಸ್ ಗ್ಲೂಕೋಸ್ ಬಂದಾಗ ಎರಡು ಅಂಗೈಗಳು ಕೂಡುವಂತೆ ಮುಚ್ಚಿಕೊಂಡು ನೀರನ್ನು ಹೊರಗಿಡುತ್ತದೆ. ಮೊದಲಿನಿಂದಲೇ ಮುಚ್ಚಿಕೊಂಡಿದ್ದರೆ ಗ್ಲೂಕೋಸ್ ಒಳಗೆ ಹೋಗುತ್ತಿರಲಿಲ್ಲ, ಸದಾ ತೆರೆದಿದ್ದರೆ ಫಾಸ್ಫೇಟ್ ನೀರಿನ ಪಾಲಾಗುತ್ತಿತ್ತು. ಕಿಣ್ವ ಅತಿ ಬಿಗಿಯಾಗಿ ಅಪ್ಪುವುದು ಆರಂಭದ ಅಣುವನ್ನಲ್ಲ, ಕೊನೆಯ ಅಣುವನ್ನೂ ಅಲ್ಲ, ಅವೆರಡರ ನಡುವೆ ಕ್ಷಣಕಾಲ ಮಾತ್ರ ಇರುವ ವಕ್ರ ಭಂಗಿಯನ್ನು. ಇದರಿಂದಾಗುವ ವೇಗವರ್ಧನೆ ನಂಬಲಾಗದಷ್ಟು. ಡಿಎನ್‌ಎ, ಆರ್‌ಎನ್‌ಎಗಳ ಘಟಕಗಳನ್ನು ತಯಾರಿಸುವ ಹಾದಿಯಲ್ಲಿ ಬರುವ ಒಂದು ಕ್ರಿಯೆ ತನ್ನಷ್ಟಕ್ಕೆ ಬಿಟ್ಟರೆ ಅರ್ಧದಷ್ಟು ಮುಗಿಯಲು ಸುಮಾರು 7.8 ಕೋಟಿ ವರ್ಷ ಹಿಡಿಯುತ್ತದೆಂದು 1995ರಲ್ಲಿ ಅಂದಾಜಿಸಲಾಯಿತು. ಅದಕ್ಕೆಂದೇ ಇರುವ ಕಿಣ್ವದ ಒಂದೊಂದು ಅಣು ಸೆಕೆಂಡಿಗೆ ಹಲವಾರು ಬಾರಿ ಅದನ್ನು ಮುಗಿಸುತ್ತದೆ.

ಮಡಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹಿಮೋಗ್ಲೋಬಿನ್ನಿನದೇ ಪ್ರಸಿದ್ಧ ಉದಾಹರಣೆಯಿದ್ದರೂ ಅದು ನಿಜಕ್ಕೂ ತಪ್ಪು ಮಡಿಕೆಯದಲ್ಲ. ಬೀಟಾ ಸರಪಳಿಯ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದಿದೆ ಎಂದು 1950ರ ದಶಕದಲ್ಲಿ ವರ್ನನ್ ಇಂಗ್ರಾಂ ಕಂಡುಹಿಡಿದ ಕುಡಗೋಲು ಕಣ ರೋಗದಲ್ಲಿ ಅಣುವಿನ ಮಡಿಕೆ ಸರಿಯಾಗಿಯೇ ಇರುತ್ತದೆ; ಎಣ್ಣೆಯ ಸ್ವಭಾವದ ವ್ಯಾಲಿನ್ ಹೊರಮೈಗೆ ಬಂದುಬಿಟ್ಟದ್ದರಿಂದ, ಆಮ್ಲಜನಕ ಬಿಟ್ಟ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗಿ ಕೆಂಪು ರಕ್ತಕಣವನ್ನು ಬಾಗಿಸುತ್ತವೆ. ನಿಜವಾದ ತಪ್ಪು ಮಡಿಕೆಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗವನ್ನು ನೋಡಬೇಕು: ಅದಕ್ಕೆ ಸಂಬಂಧಿಸಿದ ಪ್ರೋಟೀನಿನ 1480 ಕೊಂಡಿಗಳಲ್ಲಿ 508ನೆಯ ಒಂದು ಫಿನೈಲ್‌ಅಲನಿನ್ ಬಿಟ್ಟುಹೋದರೆ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ, ಜೀವಕೋಶದ ತಪಾಸಣೆಯಲ್ಲಿ ಸಿಕ್ಕಿಬಿದ್ದು, ತನ್ನ ಜಾಗ ತಲುಪುವ ಮೊದಲೇ ನಾಶವಾಗುತ್ತದೆ. ಇಂದು ಈ ರೋಗಕ್ಕೆ ಕೊಡುವ ಔಷಧಗಳಲ್ಲಿ ಕೆಲವು ಆ ಮಡಿಕೆಗೇ ಊರುಗೋಲಾಗಿ ನಿಲ್ಲುವಂಥವು. ಪ್ರಿಯಾನ್ ಎಂಬ ಪ್ರೋಟೀನುಗಳಲ್ಲಿ ಕೆಟ್ಟ ಮಡಿಕೆ ಒಂದರಿಂದ ಇನ್ನೊಂದಕ್ಕೆ ಹರಡಿ ಸೋಂಕಾಗುತ್ತದೆ. ಸ್ಟ್ಯಾನ್ಲಿ ಪ್ರುಸಿನರ್ 1982ರಲ್ಲಿ ಈ ಮಾತು ಹೇಳಿದಾಗ ನಂಬಿದವರು ಕಡಿಮೆ, 1997ರಲ್ಲಿ ಅದಕ್ಕೇ ನೊಬೆಲ್ ಬಂತು.

ಅನುಕ್ರಮದಿಂದ ಆಕಾರವನ್ನು ಲೆಕ್ಕ ಹಾಕಿ ಹೇಳುವ ಅರ್ಧ ಶತಮಾನದ ಪ್ರಯತ್ನ 2020ರಲ್ಲಿ ಆಲ್ಫಾಫೋಲ್ಡ್ ಎಂಬ ಗಣಕ ವ್ಯವಸ್ಥೆಯಿಂದ ಬಹುಮಟ್ಟಿಗೆ ಕೈಗೂಡಿತು. ಅದು ಊಹಿಸಿದ 20 ಕೋಟಿಗೂ ಹೆಚ್ಚು ರಚನೆಗಳು ಎಲ್ಲರಿಗೂ ಮುಕ್ತವಾಗಿ ಸಿಗುತ್ತವೆ, ಅದನ್ನು ರೂಪಿಸಿದ ಡೆಮಿಸ್ ಹಸಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಹೊಸ ಪ್ರೋಟೀನುಗಳನ್ನು ವಿನ್ಯಾಸ ಮಾಡುವ ಡೇವಿಡ್ ಬೇಕರ್ ಅವರೊಡನೆ, 2024ರ ರಸಾಯನಶಾಸ್ತ್ರದ ನೊಬೆಲ್ ಸಂದಿದೆ. ಮಹತ್ವದ ಸಾಧನೆಯೇ ಆದರೂ ಅದು ಕೊಡುವುದು ಮತ್ತೆ ನಿಂತ ಚಿತ್ರವನ್ನೇ, ಸರಪಳಿ ಯಾವ ದಾರಿಯಲ್ಲಿ ಮಡಚಿಕೊಂಡಿತು ಎಂಬುದನ್ನಲ್ಲ. ನಿಶ್ಚಿತ ಆಕಾರವೇ ಇಲ್ಲದೆ ದಾರದಂತೆ ಓಲಾಡುತ್ತಿದ್ದು, ಸಂಗಾತಿ ಸಿಕ್ಕಾಗ ಮಾತ್ರ ಮಡಚಿಕೊಳ್ಳುವ ಪ್ರೋಟೀನುಗಳೂ ನಮ್ಮ ದೇಹದಲ್ಲಿ ಬೇಕಾದಷ್ಟಿವೆ. ಅವುಗಳ ಮುಂದೆ ಈ ಊಹೆಗಳು ತಮ್ಮ ಖಚಿತತೆ ಕಡಿಮೆಯೆಂದು ತಾವೇ ಗುರುತು ಹಾಕಿಕೊಂಡಿರುತ್ತವೆ.

ಬಹುಪಾಲು ಪ್ರೋಟೀನುಗಳು ಅಲ್ಪಾಯುಗಳು. ಹಳತಾದ, ಕೆಟ್ಟ ಸರಪಳಿಗೆ ಯುಬಿಕ್ವಿಟಿನ್ ಎಂಬ 76 ಕೊಂಡಿಗಳ ಚೀಟಿ ಅಂಟಿಸಿ, ಪ್ರೋಟಿಯಾಸೋಮ್ ಎಂಬ ಯಂತ್ರದೊಳಕ್ಕೆ ತಳ್ಳಿ ಜೀವಕೋಶ ಅದನ್ನು ತುಂಡರಿಸುತ್ತದೆ, ಕೊಂಡಿಗಳು ಮತ್ತೆ ಬಳಕೆಗೆ ಬರುತ್ತವೆ. ಕಣ್ಣಿನ ಮಸೂರದ ಒಳಭಾಗಕ್ಕೆ ಈ ಸೌಲಭ್ಯವಿಲ್ಲ. ಬೆಳಕಿಗೆ ಅಡ್ಡಿಯಾಗದಿರಲೆಂದು ಅಲ್ಲಿನ ಜೀವಕೋಶಗಳು ತಮ್ಮ ಕೋಶಕೇಂದ್ರವನ್ನೂ ರೈಬೋಸೋಮ್‌ಗಳನ್ನೂ ಕಳೆದುಕೊಂಡಿರುವುದರಿಂದ, ಹುಟ್ಟುವ ಮೊದಲು ತಯಾರಾದ ಕ್ರಿಸ್ಟಲಿನ್ ಪ್ರೋಟೀನುಗಳೇ ಸಾಯುವವರೆಗೂ ಇರುತ್ತವೆ. ಮಸೂರದ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಇವುಗಳದೇ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಹೆಚ್ಚಿದ ಇಂಗಾಲ-14ರ ಪ್ರಮಾಣವನ್ನು ಮಸೂರದ ತಿರುಳಿನಲ್ಲಿ ಅಳೆದು ವ್ಯಕ್ತಿ ಹುಟ್ಟಿದ ವರ್ಷವನ್ನು ಅಂದಾಜು ಮಾಡಲು ಸಾಧ್ಯವಾಗಿರುವುದು ಇದೇ ಕಾರಣಕ್ಕೆ. ಹತ್ತಾರು ವರ್ಷಗಳಲ್ಲಿ ಕೊಂಡಿಗಳು ಒಂದೊಂದಾಗಿ ಮಾರ್ಪಡುತ್ತವೆ. ಮಡಿಕೆ ಅಲ್ಲಲ್ಲಿ ಸಡಿಲಗೊಂಡು ಎಣ್ಣೆಯ ಮೈ ಇಣುಕುತ್ತದೆ. ಕ್ರಿಸ್ಟಲಿನ್‌ಗಳಲ್ಲೇ ಒಂದು ಬಗೆ, ಆಲ್ಫಾ ಕ್ರಿಸ್ಟಲಿನ್, ಪಾಲಕ ಪ್ರೋಟೀನಿನ ಕೆಲಸವನ್ನೂ ಮಾಡುತ್ತ ಅಂತಹ ಸಡಿಲ ಸರಪಳಿಗಳನ್ನು ಹಿಡಿದು, ಅಂಟಿಕೊಳ್ಳದಂತೆ ಕಾಯುತ್ತಿರುತ್ತದೆ. ಆದರೆ ಅದೂ ಹೊಸದಾಗಿ ತಯಾರಾಗುವಂಥದಲ್ಲ. ಹಿಡಿಯಲು ಬಿಡುವಾಗಿರುವ ಆಲ್ಫಾ ಕ್ರಿಸ್ಟಲಿನ್ ವರ್ಷವರ್ಷವೂ ಕಡಿಮೆಯಾಗುತ್ತ ಹೋಗಿ, ಒಂದು ಹಂತದಲ್ಲಿ ಬಿಚ್ಚಿಕೊಂಡ ಸರಪಳಿಗಳು ಒಂದಕ್ಕೊಂದು ಅಂಟಿ ಬೆಳಕನ್ನು ಚದುರಿಸುವಷ್ಟು ದೊಡ್ಡ ಗಂಟುಗಳಾದಾಗ, ಕಣ್ಣಿಗೆ ಪೊರೆ ಬರುತ್ತದೆ.